ಬೆಳ್ಯಪ್ಪನ ಜೇನುಮುದ್ರೆ

ಮಾದಾಪುರದ ಬೆಳ್ಯಪ್ಪನಿಗೆ ಸಿಟ್ಟು ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ಬಂದರೂ ಊಟದ ಹೊತ್ತಿಗೆ ಇಳಿದುಹೋಗುತ್ತದೆ. ಆದರೆ ಆ ಭಾನುವಾರ ಬಂದ ಸಿಟ್ಟು ಊಟವಾದರೂ ಇಳಿಯಲಿಲ್ಲ, ಎರಡನೇ ಸಲ ಅನ್ನ ಬಡಿಸಿಕೊಂಡರೂ ಇಳಿಯಲಿಲ್ಲ. ಅದಕ್ಕೆ ಕಾರಣ ಅವನ ಹೆಂಡತಿ ಕಮಲಳ ಅಣ್ಣ ಶಶಿಧರ.

ವಿಷಯ ಜೇನು ಪೆಟ್ಟಿಗೆಯದು. ಬೆಳ್ಯಪ್ಪನ ಮನೆ ಅಜ್ಜ ಕಟ್ಟಿಸಿದ್ದು, ಮೂರೆಕರೆ ಕಾಫಿ ಅಪ್ಪ ನೆಟ್ಟದ್ದು, ಕೊಟ್ಟಿಗೆಯ ಹಸುಗಳು ಕಮಲಳನ್ನು ಬಿಟ್ಟರೆ ಇನ್ನೊಬ್ಬರ ಮಾತು ಕೇಳುವುದಿಲ್ಲ. ಈ ಭೂಮಿಯ ಮೇಲೆ ಬೆಳ್ಯಪ್ಪ ತಾನಾಗಿ ಹಿಡಿದು, ಸಾಕಿ, ಮೈತುಂಬ ಕಚ್ಚಿಸಿಕೊಂಡು ಬೆಳೆಸಿದ್ದು ಎಂದರೆ ಹತ್ತು ಪೆಟ್ಟಿಗೆ ಜೇನು ಮಾತ್ರ. ಅವುಗಳ ಮೇಲೆ ಅವನಿಗೆ ಪ್ರಾಣ. ಹುತ್ತರಿ ಹಬ್ಬ ಕಳೆದ ಮಾರನೇ ವಾರ ಹತ್ತರಲ್ಲಿ ಎರಡು ಕಾಣೆಯಾದವು. ತಿಂಗಳಿಡೀ ಹುಡುಕಿದ ಮೇಲೆ ಅವು ನೀರಿನ ತೋಡಿನ ಆಚೆ, ಶಶಿಧರನ ಮನೆಯ ಹಿಂದಿನ ಪೇರಳೆ ಗಿಡದ ಕೆಳಗೆ ಕಾಣಿಸಿದವು.

"ಬಾವ, ಈ ಎರಡು ಪೆಟ್ಟಿಗೆ ನಂದಲ್ಲವಾ?" ಎಂದು ಬೆಳ್ಯಪ್ಪ ಕೇಳಿದ. ಬಾವನ ಹತ್ತಿರ ಕೇಳುವುದಲ್ಲವೇ, ಆದಷ್ಟು ಮೆತ್ತಗೆ ಕೇಳಿದ.

"ಎಂತಕ್ಕೆ ನಿಮ್ಮದು? ನನ್ನ ಜಾಗದಲ್ಲಿ ಉಟ್ಟಲ್ಲಾ," ಎಂದು ಶಶಿಧರ ಪೆಟ್ಟಿಗೆ ಇದ್ದ ನೆಲ ತೋರಿಸಿದ.

"ಮುಚ್ಚಳದ ಸೀಳಿಗೆ ಸೈಕಲ್ ಟ್ಯೂಬಿನ ತುಂಡು ಹೊಡೆದದ್ದು ನಾನು. ನೋಡಿ, ಮೊಳೆ ಸೊಟ್ಟ ಹೋಗಿಟ್ಟು."

"ಮೊಳೆ ಸೊಟ್ಟ ಹೊಡೆಯುವುದು ಊರಲ್ಲಿ ನೀವೊಬ್ಬರೇನಾ?" ಶಶಿಧರ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಚೆನ್ನಾಗಿ ಜಗಿದು, ಆಮೇಲೆ ಕೇಳಿದ. "ನಿಮ್ಮ ಹೆಸರು ಬರ್ದುಟ್ಟಾ ಅದರ ಮೇಲೆ?"

ಹೆಸರು ಬರೆದಿರಲಿಲ್ಲ. ಬೆಳ್ಯಪ್ಪ ಪೆಟ್ಟಿಗೆಯನ್ನು ನಾಲ್ಕೂ ಕಡೆಯಿಂದ ನೋಡಿದ, ಬರೆದಿರಲಿಲ್ಲ. ಕಾಫಿ ಕುಡಿದು ವಾಪಸು ಬಂದ.

"ನನ್ನ ಅಣ್ಣ ಅಂಥವ ಅಲ್ಲ," ಎಂದಳು ಕಮಲ. "ಅಷ್ಟು ಅನುಮಾನ ಇದ್ದರೆ ಉಳಿದ ಎಂಟಕ್ಕೆ ಪೆಯಿಂಟಿನಲ್ಲಿ ಹೆಸರು ಬರೆಯಿರಿ."

"ಪೆಯಿಂಟ್ ವಾಸನೆಗೆ ಹುಳು ಬಿಟ್ಟುಹೋಗ್ತವೆ. ಮತ್ತೆ ಪೆಯಿಂಟ್ ಕೆರೆದರೆ ಹೋಯ್ತು. ಯಾವ ಜನ್ಮಕ್ಕೂ ಅಳಿಸಿ ಹೋಗದ ಹಾಗೆ ಕಬ್ಬಿಣ ಕಾಯಿಸಿ ಮುದ್ರೆ ಒತ್ತುತ್ತೇನೆ."

ಈ ಮಾತು ಹೇಳುವಾಗ ಬೆಳ್ಯಪ್ಪ ಎದ್ದು ನಿಂತಿದ್ದ. ಕೈಯಲ್ಲಿ ಅನ್ನ ಇತ್ತು.

ಮರುದಿನವೇ ಅವನು ಮಾದಾಪುರ ಪೇಟೆಯ ವೆಲ್ಡಿಂಗ್ ಅಂಗಡಿಯ ಲಿಂಗನ ಮುಂದೆ ಹಾಜರಾದ. ಬರಿಯ ಹೆಸರು ಹಾಕಿಸುವುದು ಸಣ್ಣವರ ಕೆಲಸ ಎಂದು ದಾರಿಯಲ್ಲಿ ತೀರ್ಮಾನವಾಗಿತ್ತು. ಯಾರದೋ ಮದುವೆ ಕಾಗದದ ಹಿಂಬದಿಯಲ್ಲಿ ಒಂದು ಜೇನುಹುಳುವಿನ ಚಿತ್ರ ಬರೆದುಕೊಂಡು ಹೋಗಿದ್ದ. ಲಿಂಗ ಕಾಗದವನ್ನು ಅಡಿಮೇಲು ಮಾಡಿ ನೋಡಿದ, ಆಮೇಲೆ ಮದುಮಕ್ಕಳ ಹೆಸರು ಓದಿದ.

"ಇದು ಎಂತದಣ್ಣಾ?"

"ಜೇನುಹುಳ ಮಾರಾಯ. ಇದು ರೆಕ್ಕೆ, ಇದು ಕಾಲು, ಹಿಂದುಗಡೆ ಮುಳ್ಳು."

"ಕಾಲು ಆರು ಬೇಕೇಬೇಕಾ? ನಾಲ್ಕರಲ್ಲಿ ಮುಗಿಸುವನಾ?"

"ನಾಲ್ಕಾದರೆ ದನ ಆಗ್ತದೆ."

ಲಿಂಗ ಹಳೇ ಕಂಬಿಗಳ ರಾಶಿಯನ್ನು ಕೆದಕಿ, ಬಗ್ಗಿಸಿ, ಬಡಿದು, ಕಿಡಿ ಹಾರಿಸಿ, ಮಧ್ಯಾಹ್ನದ ಹೊತ್ತಿಗೆ ಒಂದು ಉದ್ದ ಪೈಪಿನ ತುದಿಗೆ ಏನನ್ನೋ ಕೂರಿಸಿದ. ಎಡ ರೆಕ್ಕೆ ಬಲ ರೆಕ್ಕೆಗಿಂತ ದೊಡ್ಡದಾಗಿತ್ತು. ಆರು ಕಾಲುಗಳು ಆರು ದಿಕ್ಕಿಗೆ ಹೋಗಿದ್ದವು. "ಮುಳ್ಳಿಗೆ ಮಾತ್ರ ಕಂಬಿ ಸಾಲಲಿಲ್ಲ ಅಣ್ಣಾ," ಎಂದು ತಲೆ ಕೆರೆದುಕೊಂಡ. "ಇರಲಿ ಬಿಡು, ಪೆಟ್ಟಿಗೆ ಒಳಗೆ ಇರುವವಕ್ಕೆ ಉಂಟಲ್ಲ ಮುಳ್ಳು," ಎಂದು ಬೆಳ್ಯಪ್ಪ ಉದಾರವಾಗಿ ಹೇಳಿದ. ಹೊರಡುವಾಗ ಲಿಂಗ ಒಂದು ಬುದ್ಧಿಮಾತು ಹೇಳಿದ. ಕಬ್ಬಿಣ ಹೆಚ್ಚು ಕಾದರೆ ಹಲಗೆ ತೂತಾಗುತ್ತದೆ, ಕಡಿಮೆಯಾದರೆ ಗುರುತು ಮೂಡುವುದಿಲ್ಲ. ಅದಕ್ಕೆ ಪ್ರತಿ ಸಲವೂ ಮೊದಲು ಬೇರೆ ಮರಕ್ಕೆ ಒತ್ತಿ ಹದ ನೋಡಿಯೇ ಪೆಟ್ಟಿಗೆಗೆ ಒತ್ತಬೇಕು. ಮುಂದಿನ ಅನಾಹುತಕ್ಕೆಲ್ಲ ಮೂಲ ಈ ಬುದ್ಧಿಮಾತೇ.

ಮೊದಲ ಹದ ಮನೆಯಂಗಳದಲ್ಲೇ ನೋಡಿದ್ದಾಯಿತು. ಬಚ್ಚಲ ಒಲೆಯಲ್ಲಿ ಕಾಯಿಸಿದ ಕಬ್ಬಿಣ ಹಿಡಿದು ಹೊರಬರುವಾಗ ಕಣ್ಣಿಗೆ ಬಿದ್ದದ್ದು ಕಮಲ ತೊಳೆದು ಬಿಸಿಲಿಗಿಟ್ಟ ಊಟದ ಮಣೆ. ಚುಂಯ್ ಎಂದಿತು. ಕಮಲ ಹೊಗೆ ಕಂಡು ಓಡಿಬಂದು ಮಣೆಯನ್ನು ನೋಡಿದಳು.

"ಇದರ ಮೇಲೆ ಏಡಿ ಎಂತಕ್ಕೆ ಬಂತು?"

"ಏಡಿ ಅಲ್ಲ, ಜೇನು."

"ಇದು ನನ್ನ ಅಮ್ಮ ಕೊಟ್ಟ ಮಣೆ," ಎಂದಳು ಕಮಲ. ಅಷ್ಟೇ ಹೇಳಿದಳು. ಹೆಚ್ಚು ಹೇಳಿದ್ದರೆ ಬೆಳ್ಯಪ್ಪನಿಗೆ ಸಮಾಧಾನವಾಗುತ್ತಿತ್ತು. ಮನೆಯಲ್ಲಿ ಇನ್ನು ನಿಲ್ಲುವುದು ಕ್ಷೇಮವಲ್ಲವೆಂದು ಒಂದು ಹಳೇ ಬಾಣಲೆಗೆ ಕೆಂಡ ತುಂಬಿಕೊಂಡು, ಕಬ್ಬಿಣ ಮತ್ತು ಕತ್ತಿ ಹಿಡಿದು ತೋಟದ ದಾರಿ ಹಿಡಿದ.

ಎಂಟು ಪೆಟ್ಟಿಗೆಗಳು ಮನೆಯ ಗೇಟಿನಿಂದ ಬಸ್ ತಂಗುದಾಣದವರೆಗೆ ಬೇಲಿಯುದ್ದಕ್ಕೂ ಅಲ್ಲಲ್ಲಿ ಇದ್ದವು. ಬೇಲಿಯ ಈಚೆ ಕಾಫಿಗೆ ನೆರಳಾಗಿ ನೆಟ್ಟ ಬೆಳ್ಯಪ್ಪನ ಸಿಲ್ವರ್ ಮರಗಳು, ಆಚೆ ನೆರೆಯ ಪೂವಯ್ಯನ ಸಿಲ್ವರ್ ಮರಗಳು. ಬೆಳ್ಯಪ್ಪನ ಮರಗಳಿಗೆಲ್ಲ ಕರಿಮೆಣಸಿನ ಬಳ್ಳಿ ಬುಡದಿಂದಲೇ ಹಬ್ಬಿತ್ತು, ಕಬ್ಬಿಣ ಒತ್ತಲು ಅಂಗೈಯಗಲ ಜಾಗವಿಲ್ಲ. ಪೂವಯ್ಯನ ಮರಗಳು ಬೋಳಾಗಿ ನಿಂತಿದ್ದವು. ಆದ್ದರಿಂದ ನಡುವಿನ ಪ್ರತಿ ಪೆಟ್ಟಿಗೆಯ ಹತ್ತಿರವೂ ಬೆಳ್ಯಪ್ಪ ಬೇಲಿಯಾಚೆ ಕೈ ಚಾಚಿ, ಕತ್ತಿಯಿಂದ ತೊಗಟೆ ಒಂದಿಷ್ಟು ಕೆತ್ತಿ ನಯಮಾಡಿ, ಹದ ನೋಡಿ, ಆಮೇಲೆ ಪೆಟ್ಟಿಗೆಗೆ ಒತ್ತಿದ. ಹೀಗೆ ಗೇಟಿನ ಕಂಬಕ್ಕೆ ಒಂದು, ಸಿಲ್ವರ್ ಮರಗಳಿಗೆ ಆರು, ಕೊನೆಗೆ ಬಸ್ ತಂಗುದಾಣದ ಬೆಂಚಿಗೆ ಒಂದು. ಏಳನೇ ಪೆಟ್ಟಿಗೆಯ ಹುಳುಗಳಿಗೆ ಮಾತ್ರ ಈ ಸಮಾರಂಭ ಹಿಡಿಸಲಿಲ್ಲ. ಒಂದು ಬಂದು ಅವನ ಎಡಗಣ್ಣಿನ ರೆಪ್ಪೆಗೆ ಕಚ್ಚಿತು. ಬೆಳ್ಯಪ್ಪ ಲೆಕ್ಕಕ್ಕಿಡಲಿಲ್ಲ. ಆ ಸಂಜೆ ಅವನಷ್ಟು ಖುಷಿಯಾಗಿದ್ದ ಮನುಷ್ಯ ಕೊಡಗಿನಲ್ಲಿ ಇನ್ನೊಬ್ಬನಿರಲಿಲ್ಲ.

ಬೆಳಿಗ್ಗೆ ಪೂವಯ್ಯ ಬಂದರು. ಆರಡಿಯ ಆಳು, ಮೀಸೆ ಬಿಳಿಯಾದರೂ ದನಿ ಇಳಿದಿಲ್ಲ. ಕೈಯಲ್ಲಿ ಕೋವಿ ಇರಲಿಲ್ಲ, ಆದರೆ ಮನೆಯಲ್ಲಿ ಇದೆಯೆಂದು ಎಲ್ಲರಿಗೂ ಗೊತ್ತಿತ್ತು.

"ಬೆಳ್ಯಪ್ಪ, ನೋಡಿದೆಯಾ? ಸರ್ವೆ ಮಾಡಿ ಹೋಗಿದ್ದಾರೆ. ನನ್ನ ಆರು ಮರಕ್ಕೆ ತೊಗಟೆ ಕೆತ್ತಿ ಸೀಲ್ ಹೊಡೆದಿದ್ದಾರೆ. ಒಂದೇ ಲೈನಿನಲ್ಲಿ."

ಬೆಳ್ಯಪ್ಪ ನಿಜ ಹೇಳಲು ಬಾಯಿ ತೆರೆದ. ಇದನ್ನು ಅವನ ಪರವಾಗಿ ದಾಖಲಿಸಲೇಬೇಕು, ಅವನು ಬಾಯಿ ತೆರೆದಿದ್ದು ಖಂಡಿತ.

"ಹೊಡೆದವನು ನನ್ನ ಕೈಗೆ ಸಿಗಲಿ," ಎಂದರು ಪೂವಯ್ಯ. "ಅದೇ ಸೀಲನ್ನು ಅವನ ಬೆನ್ನಿಗೆ ಹೊಡೆಯುತ್ತೇನೆ."

ಬೆಳ್ಯಪ್ಪ ಬಾಯಿ ಮುಚ್ಚಿದ. ಬಾತುಕೊಂಡ ಕಣ್ಣಿನಿಂದ ಒಂದು ಹನಿ ನೀರು ಕೆಳಗಿಳಿಯಿತು.

ಪೂವಯ್ಯ ಅದನ್ನು ನೋಡಿ ಕರಗಿಹೋದರು. "ನನ್ನ ಮರಕ್ಕೆ ನೀನು ಇಷ್ಟು ಅಳ್ತೀಯಲ್ಲಪ್ಪ," ಎಂದು ಹೆಗಲು ತಟ್ಟಿದರು. "ನೆರೆಯವ ಅಂದರೆ ನೀನು."

ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಬಸ್ ತಂಗುದಾಣದ ಬೆಂಚಿನ ಸುತ್ತ ಸೇರಿತ್ತು. ಆನೆ ಕಂದಕದ ಲೈನು ಎಂದು ಕೆಲವರು, ಕರೆಂಟಿನ ಲೈನು ಎಂದು ಕೆಲವರು, ಅಲ್ಲವೇ ಅಲ್ಲ, ರಸ್ತೆ ಅಗಲ ಮಾಡುವುದು ಎಂದು ಇನ್ನು ಕೆಲವರು. ಗುರುತು ಏನೆಂದು ಒಬ್ಬರಿಗೂ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದಲೇ ಅದು ಸರ್ಕಾರದ್ದು ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಅಷ್ಟರಲ್ಲಿ ಶಶಿಧರ ಜೀಪಿನಿಂದ ಇಳಿದು, ಕನ್ನಡಕ ಏರಿಸಿ, ಬೆಂಚಿನ ಮೇಲೆ ಬಗ್ಗಿದ.

"ಸೆಂಟ್ರಲ್ ಗವರ್ನಮೆಂಟಿಂದು," ಎಂದ. "ವಿರಾಜಪೇಟೆ ಕಡೆ ನಾನು ಎಷ್ಟು ನೋಡಿಲ್ಲ. ಇದು ಇದ್ದವರಿಗೆ ಪರಿಹಾರದ ಲಿಸ್ಟಿನಲ್ಲಿ ಮೊದಲು ಹೆಸರು. ಇಲ್ಲದವರಿಗೆ ಎಂತದೂ ಇಲ್ಲ."

ಜನ ಅವನನ್ನು ಗೌರವದಿಂದ ನೋಡಿದರು. ಆ ಕ್ಷಣದವರೆಗೆ ಗುರುತು ಬಿತ್ತೆಂದು ಹೆದರಿದ್ದವರು, ಆ ಕ್ಷಣದಿಂದ ತಮ್ಮ ಮರಕ್ಕೆ ಬೀಳಲಿಲ್ಲವಲ್ಲ ಎಂದು ಕೊರಗಲು ಶುರುಮಾಡಿದರು. ಪಂಚಾಯ್ತಿಯಲ್ಲಿ ಎರಡು ಅರ್ಜಿ ಬರೆದರು. ಒಂದು ಗುರುತನ್ನು ವಿರೋಧಿಸಿ, ಇನ್ನೊಂದು ಎಲ್ಲರಿಗೂ ಗುರುತು ಬೇಕೆಂದು. ಎರಡಕ್ಕೂ ಮೊದಲ ಸಹಿ ಶಶಿಧರನದೇ.

ಅರ್ಜಿಗಳನ್ನು ನೋಡಿ ನಾಲ್ಕನೇ ದಿನ ಮಡಿಕೇರಿಯಿಂದ ಪರಿವೀಕ್ಷಕರಾದ ವೆಂಕಟಕೃಷ್ಣ ಎಂಬವರು ಬಂದರು. ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆಂದವರು ಸಂಜೆ ಐದೂವರೆಗೆ ಬಂದರು. ಯಾವ ಇಲಾಖೆಯವರೆಂದು ಕೊನೆಯವರೆಗೂ ಯಾರಿಗೂ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಬೆಂಚಿನ ಗುರುತನ್ನು ಬಹಳ ಹೊತ್ತು ನೋಡಿದರು. ತಮಗೆ ಗೊತ್ತಿಲ್ಲವೆಂದು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ಹೂಂ," ಎಂದರು. "ಮೇಲಿನವರದ್ದು."

ಆಮೇಲೆ ಟೇಪು ಹಿಡಿಸಿ, ಗುರುತಿನಿಂದ ಗುರುತಿಗೆ ಅಳೆಯುತ್ತ ಬೇಲಿಯುದ್ದಕ್ಕೂ ನಡೆದರು. ಹಿಂದೆ ಪೂವಯ್ಯ, ಅವರ ಹಿಂದೆ ಶಶಿಧರ, ಅವನ ಹಿಂದೆ ಊರು, ಎಲ್ಲರ ಹಿಂದೆ ಬಲಿಗೆ ಹೊರಟ ಕುರಿಯ ಹಾಗೆ ಬೆಳ್ಯಪ್ಪ. ಪ್ರತಿ ಗುರುತಿನ ಹತ್ತಿರವೂ ಪರಿವೀಕ್ಷಕರಿಗೆ ಒಂದೊಂದು ಪೆಟ್ಟಿಗೆ ಎದುರಾಯಿತು. ಎಂಟನೆಯದು ಮುಗಿದಾಗ ಮೆರವಣಿಗೆ ಬೆಳ್ಯಪ್ಪನ ಅಂಗಳ ತಲುಪಿತ್ತು.

"ಎಂಟು ಪೆಟ್ಟಿಗೆ. ಎಂಟಕ್ಕೂ ಅದೇ ಸೀಲು," ಎಂದು ಅವರು ಬರೆದುಕೊಂಡರು. "ಇವು ಸರ್ಕಾರದ ಸೊತ್ತು. ನಾಳೆ ಗಾಡಿ ಕಳಿಸ್ತೇನೆ, ಎಲ್ಲವನ್ನೂ ಮಡಿಕೇರಿಗೆ ಸಾಗಿಸಿ."

ಬೆಳ್ಯಪ್ಪ ಹಿಂದಿನಿಂದ ಮುಂದಕ್ಕೆ ನುಗ್ಗಿದ. "ಸಾರ್, ಅದು ನಂದು."

"ನಿಮ್ಮದು ಅನ್ನೋದಕ್ಕೆ ಗುರುತೇನಿದೆ?"

ಗುರುತು ಇತ್ತು. ಎಂಟಕ್ಕೂ ಇತ್ತು, ಯಾವ ಜನ್ಮಕ್ಕೂ ಅಳಿಸದ ಹಾಗೆ ಇತ್ತು. ಅದನ್ನು ತೋರಿಸಿದರೆ ಪೂವಯ್ಯನ ಆರು ಮರವೂ ಅವನ ತಲೆಗೆ ಬರುತ್ತಿತ್ತು. ತೋರಿಸದಿದ್ದರೆ ಜೇನು ಹೋಗುತ್ತಿತ್ತು. ಬೆಳ್ಯಪ್ಪ ಒಮ್ಮೆ ಪೂವಯ್ಯನ ಕೈ ನೋಡಿದ, ಒಮ್ಮೆ ಸಂಜೆಯ ಬಿಸಿಲಿನಲ್ಲಿ ಗೂಡಿಗೆ ಮರಳುತ್ತಿದ್ದ ಹುಳುಗಳನ್ನು ನೋಡಿದ. ಅವು ಅವನ ಪೆಟ್ಟಿಗೆ ಯಾವುದೆಂದು ತಪ್ಪದೆ ಗುರುತಿಸಿ ಒಳಗೆ ಹೋಗುತ್ತಿದ್ದವು. ಅವನಿಗೆ ಅಳು ಬಂತು, ಈ ಸಲ ನಿಜವಾದದ್ದೇ.

"ಆ ಗುರುತೇ ನಂದು ಸಾರ್. ನಾನೇ ಮಾಡಿಸಿದ್ದು. ಪೂವಯ್ಯಣ್ಣನ ಮರಕ್ಕೂ ನಾನೇ ಒತ್ತಿದ್ದು."

ಊರೆಲ್ಲ ಅವನ ಕಡೆ ತಿರುಗಿತು. ಆಮೇಲೆ ಪೂವಯ್ಯ ಗಹಗಹಿಸಿ ನಕ್ಕರು. "ಇವನಾ? ಇವನ ಗೇಟಿಗೆ ಚಿಲಕ ಇಲ್ಲದೆ ಮೂರು ವರ್ಷ ಆಯ್ತು. ಇವನು ಸೀಲ್ ಮಾಡಿಸ್ತಾನಾ?"

ಊರೂ ನಕ್ಕಿತು. ಶಶಿಧರ ಪರಿವೀಕ್ಷಕರ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ, "ಬಾವನಿಗೆ ಮೊನ್ನೆ ಜೇನು ಕಚ್ಚಿಟ್ಟು ಸಾರ್. ತಲೆಗೆ ಏರಿರಬೇಕು," ಎಂದ.

ಬೆಳ್ಯಪ್ಪ ಬಚ್ಚಲಿಗೆ ಓಡಿ ಕಬ್ಬಿಣ ತಂದು ಎದುರಿಗಿಟ್ಟ. ನಗು ನಿಂತಿತು. ಪರಿವೀಕ್ಷಕರ ಮುಖ ಗಂಭೀರವಾಯಿತು.

"ಇದು ನಿಮಗೆ ಎಲ್ಲಿ ಸಿಕ್ಕಿತು?"

"ಸಿಕ್ಕಿದ್ದಲ್ಲ ಸಾರ್, ಮಾಡಿಸಿದ್ದು. ಮಾದಾಪುರ ಪೇಟೆಯಲ್ಲಿ, ಲಿಂಗನ ಹತ್ತಿರ."

"ಸರ್ಕಾರದ ಸೀಲು ಮನೆಯ ಬಚ್ಚಲಲ್ಲಿ ಇಟ್ಟುಕೊಳ್ಳೋದು ಎಂಥ ಅಪರಾಧ ಗೊತ್ತಾ?"

ಎರಡು ಪೆಟ್ಟಿಗೆ ಕಳೆದುಕೊಂಡವನು ಈಗ ಸರ್ಕಾರದ ಮುದ್ರೆ ಕದ್ದವನಾಗಿ ನಿಂತಿದ್ದ. ಕಮಲ ಒಳಗಿನಿಂದ ಫೋನ್ ತಂದು, ಯಾರನ್ನೂ ಕೇಳದೆ, ಲಿಂಗನಿಗೆ ಕೂಡಲೇ ಹೊರಟು ಬಾ ಎಂದು ಹೇಳಿದಳು. ಅವನು ಬರುವವರೆಗೆ ಪರಿವೀಕ್ಷಕರು ಮಹಜರಿಗೆ ಕೂತರು. ಕತ್ತಲಾದರೆ ಸಾಕ್ಷಿಗಳು ಮನೆಗೆ ಹೋಗುತ್ತಾರೆಂದು, ಕಾಗದದ ಅಡಿಯಲ್ಲಿ ಸಾಕ್ಷಿ ಸಹಿ ಮೊದಲು ಹಾಕಿಸಿ ಮೇಲಿನ ಒಕ್ಕಣೆಯನ್ನು ನಿಧಾನವಾಗಿ ಬರೆಯುವುದು ಅವರ ಪದ್ಧತಿ. ಪೂವಯ್ಯ ಸಹಿ ಹಾಕಿದರು. ಶಶಿಧರ ಹೆಸರಿನ ಕೆಳಗೆ ಎರಡು ಗೆರೆ ಎಳೆದು, ಚುಕ್ಕೆ ಇಟ್ಟು, ಉದ್ದವಾಗಿ ಸಹಿ ಹಾಕಿದ.

"ಇನ್ನು ಕಬ್ಬಿಣ ಕಾಯಿಸಿ, ನಮ್ಮೆದುರು ಒತ್ತಿ ತೋರಿಸಿ," ಎಂದರು ಪರಿವೀಕ್ಷಕರು. "ಗುರುತು ತಾಳೆ ಆಗ್ತದಾ ನೋಡುವ. ಒಂದು ಹಲಗೆ ತನ್ನಿ."

ಶಶಿಧರನ ತಲೆ ಓಡಿತು. ಸರ್ಕಾರದ ಮುದ್ರೆ ಈಗ ಬಿಸಿಯಾಗುತ್ತಿದೆ, ನಾಳೆ ಮಡಿಕೇರಿಗೆ ಹೋಗಿಬಿಡುತ್ತದೆ, ಪರಿಹಾರದ ಲಿಸ್ಟಿನಲ್ಲಿ ತನ್ನ ಹೆಸರಿಲ್ಲ. "ಒಂದು ನಿಮಿಷ ಸಾರ್, ಹಲಗೆ ನಾನು ತರುತ್ತೇನೆ," ಎಂದು ಜೀಪು ಹತ್ತಿ ಹೋದ. ಹೋದಷ್ಟೇ ವೇಗವಾಗಿ ಬಂದು, ಬಾಗಿಲಿಗೆ ಬಟ್ಟೆ ತುರುಕಿದ ಎರಡು ಜೇನು ಪೆಟ್ಟಿಗೆಗಳನ್ನು ಇಳಿಸಿದ.

ಬೆಳ್ಯಪ್ಪ ಮುಚ್ಚಳ ನೋಡಿದ. ಸೈಕಲ್ ಟ್ಯೂಬಿನ ತುಂಡು, ಸೊಟ್ಟ ಮೊಳೆ. ಮೊಳೆಯನ್ನು ಬೆರಳಿನಿಂದ ಸವರಿದ.

"ಬಾವ, ಇದಕ್ಕೆ ಒತ್ತಬೇಕಾ? ಖಂಡಿತವಾಗಿ?"

"ಒತ್ತಿ ಬಾವ. ಗಟ್ಟಿಯಾಗಿ ಒತ್ತಿ. ನಾಲ್ಕೂ ಕಡೆ ಬೀಳಲಿ."

ಬೆಳ್ಯಪ್ಪ ಜೀವಮಾನದಲ್ಲಿ ಯಾವ ಕೆಲಸವನ್ನೂ ಅಷ್ಟು ಮನಸ್ಸಿಟ್ಟು ಮಾಡಿರಲಿಲ್ಲ. ಹೊಗೆ ಎದ್ದಿತು, ಒಳಗೆ ಹುಳುಗಳು ಗುಂಯ್‌ಗುಟ್ಟಿದವು. ಎರಡು ಪೆಟ್ಟಿಗೆಯ ಎಂಟು ಬದಿಗಳಲ್ಲೂ ಎಡ ರೆಕ್ಕೆ ದೊಡ್ಡದಾದ, ಆರು ಕಾಲು ಆರು ದಿಕ್ಕಿಗೆ ಹೋದ ಆ ಪ್ರಾಣಿ ಅಚ್ಚುಕಟ್ಟಾಗಿ ಮೂಡಿತು.

ಆಗ ಲಿಂಗನ ಬೈಕು ಅಂಗಳಕ್ಕೆ ಬಂತು. ಅವನು ಕಬ್ಬಿಣವನ್ನು ನೋಡಿ, "ಎಂತ ಅಣ್ಣಾ, ವೆಲ್ಡಿಂಗ್ ಬಿಟ್ಟಿತಾ?" ಎಂದ. ಪರಿವೀಕ್ಷಕರು ಕೇಳಿದ್ದಕ್ಕೆ ಅಂಗಿ ಜೇಬಿನಿಂದ ಎಣ್ಣೆ ಹಿಡಿದ ಒಂದು ಮದುವೆ ಕಾಗದ ತೆಗೆದು ಬಿಡಿಸಿದ. ಹಿಂಬದಿಯಲ್ಲಿ ಅದೇ ಪ್ರಾಣಿ ಇತ್ತು, ಮುಳ್ಳು ಮಾತ್ರ ಹೆಚ್ಚಾಗಿತ್ತು.

"ಜೇನುಹುಳ ಸಾರ್. ಮುಳ್ಳಿಗೆ ಕಂಬಿ ಸಾಲಲಿಲ್ಲ."

ಪರಿವೀಕ್ಷಕರು ಕಾಗದ ನೋಡಿದರು, ಕಬ್ಬಿಣ ನೋಡಿದರು, ಅರ್ಜಿ ಬಂದಾಗಿನಿಂದ ತಾವು ಮೇಲಿನವರಿಗೆ ಬರೆದ ಪತ್ರಗಳನ್ನು ನೆನೆಸಿಕೊಂಡರು. ಬೇಗ ಮುಗಿಸಿ ಹೊರಟರೆ ಸಾಕು ಅನ್ನಿಸಿರಬೇಕು. ಬರೆದು, ಗಟ್ಟಿಯಾಗಿ ಓದಿದರು. "ಸದರಿ ಗುರುತು ಶ್ರೀ ಬೆಳ್ಯಪ್ಪನವರ ಖಾಸಗಿ ಗುರುತಾಗಿದ್ದು, ಈ ಗುರುತು ಇರುವುದೆಲ್ಲವೂ ಅವರ ಸ್ವಂತ ಸೊತ್ತೆಂದು ಸ್ಥಳದಲ್ಲಿದ್ದ ಸಾಕ್ಷಿಗಳು ಒಪ್ಪಿ ಸಹಿ ಮಾಡಿರುತ್ತಾರೆ." ಮೊಹರು ಹಾಕಿದರು. ಅವರ ಜೀಪಿನ ದೀಪ ತಿರುವಿನಲ್ಲಿ ಮರೆಯಾಯಿತು.

ಪೂವಯ್ಯ ಬೆಳ್ಯಪ್ಪನ ಎದುರು ಬಂದು ನಿಂತರು. ಬೆಳ್ಯಪ್ಪ ಬೆನ್ನನ್ನು ಗೋಡೆಗೆ ಒರಗಿಸಿಕೊಂಡ.

"ಗುರುತು ಇರುವುದೆಲ್ಲ ನಿನ್ನದು. ಹಾಗಾದರೆ ಆ ಆರು ಮರವೂ ನಿನ್ನದು. ಅಲ್ಲವಾ?"

"ಅಯ್ಯೋ, ಅಲ್ಲ ಪೂವಯ್ಯಣ್ಣ."

"ಸಹಿ ಹಾಕಿಬಿಟ್ಟಿದ್ದೇನೆ, ಮಾತು ಮಾತೇ. ಮರ ನಿನ್ನದಾದರೆ ಉದುರುವ ಎಲೆಯೂ ನಿನ್ನದು. ಆ ಎಲೆ ಬಿದ್ದು ನನ್ನ ಚರಂಡಿ ವರ್ಷವಿಡೀ ಕಟ್ಟುತ್ತದೆ. ನಾಳೆಯಿಂದ ನೀನೇ ಎತ್ತು." ಇಷ್ಟು ಹೇಳಿ, ಮೀಸೆಯಡಿಯಲ್ಲೇ ನಗುತ್ತ ಹೊರಟುಹೋದರು. ಚರಂಡಿಯಷ್ಟು ಕಡಿಮೆಯಲ್ಲಿ ಪಾರಾದದ್ದಕ್ಕೆ ಬೆಳ್ಯಪ್ಪ ಮನಸ್ಸಿನಲ್ಲೇ ಕೈ ಮುಗಿದ.

ಊರು ಕರಗಿತು. ಶಶಿಧರ ಮಾತ್ರ ಉಳಿದ. ಪರಿಹಾರವೂ ಇಲ್ಲ, ಲಿಸ್ಟೂ ಇಲ್ಲ ಎಂಬುದು ಅವನಿಗೆ ಆಗ ತಾನೇ ಪೂರ್ತಿ ಅರ್ಥವಾಗಿತ್ತು. ಸಪ್ಪೆ ಮುಖ ಮಾಡಿಕೊಂಡು ಒಂದು ಪೆಟ್ಟಿಗೆಗೆ ಕೈ ಹಾಕಿದ.

"ಸರಿ ಬಾವ, ನನ್ನ ಪೆಟ್ಟಿಗೆ ಜೀಪಿಗೆ ಏರಿಸಲು ಒಂದು ಕೈ ಕೊಡಿ."

ಬೆಳ್ಯಪ್ಪ ಎಲೆಯಡಿಕೆ ತಟ್ಟೆ ಎಳೆದುಕೊಂಡ. ಒಂದು ಎಲೆ ಆರಿಸಿದ, ತೊಟ್ಟು ಮುರಿದ, ಸುಣ್ಣ ಸವರಿದ, ಮಡಿಸಿ ಬಾಯಿಗಿಟ್ಟು ಚೆನ್ನಾಗಿ ಜಗಿದ.

"ನಿಮ್ಮ ಹೆಸರು ಬರ್ದುಟ್ಟಾ ಅದರ ಮೇಲೆ?" ಎಂದು ಕೇಳಿದ.

ಶಶಿಧರ ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದ. ನಾಲ್ಕೂ ಕಡೆ ಬರೆದಿತ್ತು. ತಂಗಿಯ ಮುಖ ನೋಡಿದ. ತಂಗಿ ಕಾಫಿ ಲೋಟ ಕೊಟ್ಟಳು. ಅವನು ಲೋಟ ಹಿಡಿದು, ಕಾಲ ಹತ್ತಿರವೇ ಇದ್ದ ಮಣೆಯ ಮೇಲೆ ಕುಸಿದು ಕುಳಿತ.

"ಅಣ್ಣಾ, ಬೇಗ ಕುಡಿದು ಏಳು," ಎಂದಳು ಕಮಲ. "ಆ ಮಣೆಗೂ ಗುರುತು ಉಟ್ಟು. ನಿನ್ನ ಹಿಂದುಗಡೆ ಅಂಟಿಬಿಟ್ಟರೆ ಆಮೇಲೆ ಅತ್ತಿಗೆ ಕೇಳಿದರೂ ಇವರು ನಿನ್ನ ವಾಪಸು ಕೊಡುವುದಿಲ್ಲೆ."